ಗುಲಾಬಿಯ ಎಡಗಡೆ

ನಮ್ಮ ಮನೆಗೆ ಬಂದವರು ಮೊದಲು ಮೂಗು ಮುಚ್ಚಿಕೊಂಡು, ಆಮೇಲೆ ನಮಸ್ಕಾರ ಮಾಡುತ್ತಿದ್ದರು. ಸನತ್‌ನಗರದ ಕಾರ್ಖಾನೆಗಳ ಹಿಂದೆ, ಯಾವುದೋ ಮುಚ್ಚಿದ ಶೆಡ್ಡಿನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಎರಡು ಕೋಣೆ, ಒಂದು ಅಡುಗೆಮನೆ, ತಲೆಯ ಮೇಲೆ ಸಿಮೆಂಟ್ ಶೀಟು. ಅಂಗಳ ಮಾತ್ರ ಧಾರಾಳವಾಗಿತ್ತು. ಯಾಕೆಂದರೆ ಅದು ನಮ್ಮದಲ್ಲ, ಗುಲಾಬಿಯದು. ಗುಲಾಬಿ ಎಂದರೆ ನಮ್ಮ ಮದುವೆಯ ಕುದುರೆ. ಮೈಯೆಲ್ಲ ಬಿಳಿ, ಮೂತಿಯಷ್ಟೇ ನಸುಗೆಂಪು, ಅದಕ್ಕೇ ಆ ಹೆಸರು. ಅಜ್ಜ ಬಿಜಾಪುರದ ಕಡೆಯಿಂದ ಬಂದು ಸಿಕಂದರಾಬಾದ್ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆದವನಂತೆ. ಟಾಂಗಾ ಹೋಗಿ ಆಟೋ ಬಂದಾಗ ಅಪ್ಪ ‘ಪೆಟ್ರೋಲಿನ ಜೊತೆ ಮಾತಾಡಾಕ ನನಗ ಬರಂಗಿಲ್ಲ’ ಎಂದು ಹಠ ಹಿಡಿದು, ಕುದುರೆಯನ್ನು ಬರಾತ್‌ಗೆ, ಅಂದರೆ ವರನ ಮೆರವಣಿಗೆಗೆ, ಇಳಿಸಿದ. ನಾನು ಹುಟ್ಟಿದ್ದು, ಅಕ್ಷರ ಕಲಿತದ್ದು, ಜ್ವರ ಬಂದು ಮಲಗಿದ್ದು, ಎಲ್ಲವೂ ಲದ್ದಿಯ ವಾಸನೆಯಲ್ಲೇ. ಶಾಲೆಗೆ ಹೋಗುವಾಗ ಅವ್ವ ತಲೆಗೆ ಮಲ್ಲಿಗೆ ಮುಡಿಸುತ್ತಿದ್ದಳು. ಶೋಕಿಗಲ್ಲ, ವಾಸನೆ ಮುಚ್ಚಲಿಕ್ಕೆ. ಶಾಲೆಯಲ್ಲಿ ಕೇಳಿದರೆ ನಮ್ಮಪ್ಪನದು ಟ್ರಾವೆಲ್ಸ್ ಎನ್ನುತ್ತಿದ್ದೆ. ಪೂರ್ತಿ ಸುಳ್ಳೂ ಅಲ್ಲ ನೋಡಿ, ವರ ಒಂದು ಗಲ್ಲಿಯಿಂದ ಇನ್ನೊಂದು ಗಲ್ಲಿಗೆ ಹೋಗುವುದೂ ಪ್ರಯಾಣವೇ.

ಅದು ಸಾಫ್ಟ್‌ವೇರ್ ವರಗಳ ಕಾಲ. ಊರಿನ ಪಶ್ಚಿಮಕ್ಕೆ ಬಂಡೆ ಸೀಳಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು, ಕೂಕಟ್‌ಪಲ್ಲಿಯಲ್ಲಿ ನಿನ್ನೆ ಮೈದಾನವಿದ್ದಲ್ಲಿ ಇವತ್ತು ಅಪಾರ್ಟ್‌ಮೆಂಟು. ಹಿಂದೆಲ್ಲ ಮಾರವಾಡಿಗಳ ಮನೆಯವರು, ಹಳೇ ಊರಿನವರು ಮಾತ್ರ ಕುದುರೆ ಕೇಳುತ್ತಿದ್ದರು. ಈಗ ಕೀಬೋರ್ಡು ಬಿಟ್ಟರೆ ಬೇರೇನೂ ಮುಟ್ಟಿ ಗೊತ್ತಿಲ್ಲದ ಹುಡುಗರಿಗೂ ಸಿನಿಮಾದಲ್ಲಿ ನೋಡಿದ ಹಾಗೆ ಬಿಳಿ ಕುದುರೆ ಏರಬೇಕು ಎನ್ನುವ ಆಸೆ ಹತ್ತಿತ್ತು. ಮುಹೂರ್ತದ ತಿಂಗಳುಗಳಲ್ಲಿ ಅಪ್ಪ ಮನೆಯಲ್ಲಿ ಊಟ ಮಾಡಿದ್ದೇ ಅಪರೂಪ. ಮಿರುಗುವ ಕೆಂಪು ಕೋಟು, ತಲೆಗೆ ಜರಿ ರುಮಾಲು, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಬೆಲ್ಲದ ಚೂರು. ಬೆಲ್ಲ ಗುಲಾಬಿಗೆ. ಹೊರಡುವ ಮುಂಚೆ ಅವಳು ಮೂತಿ ಚಾಚಿ ಜೇಬು ಹುಡುಕಬೇಕು, ಅಪ್ಪ ಇಲ್ಲ ಇಲ್ಲ ಎಂದು ಕಾಡಿಸಬೇಕು, ಕೊನೆಗೆ ಕೊಡಬೇಕು. ಮಗಳಾದ ನನಗೆ ಆ ಜೇಬಿಗೆ ಕೈ ಹಾಕುವ ಧೈರ್ಯ ಇರಲಿಲ್ಲ. ಕುದುರೆಯ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತೆಂದರೆ ನಗಬೇಡಿ.

ಕುದುರೆಯಿದ್ದ ಮನೆಗೆ ಅದರದೇ ಕಾನೂನು. ಎಲ್ಲಕ್ಕಿಂತ ದೊಡ್ಡ ಕಾನೂನು ಎಡಗಡೆಯದು. ಕುದುರೆಯ ಹತ್ತಿರ ಹೋಗುವುದು ಎಡಕ್ಕೆ, ಜೀನು ಬಿಗಿಯುವುದು ಎಡಕ್ಕೆ, ಹತ್ತುವುದು ಇಳಿಯುವುದು ಎಡಕ್ಕೆ, ಲಗಾಮು ಹಿಡಿದು ನಡೆಯುವುದೂ ಎಡಕ್ಕೆ. ನಡೆಯಲು ಕಲಿತ ದಿನದಿಂದ ನಮಗೆ ಈ ಪಾಠ. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದೆವು, ಅಂಗಳದ ಹೊರಸಿನ ಮೇಲೆ ಕೂತು ಈ ಕಾನೂನಿನ ಪೊಲೀಸು ಕೆಲಸ ಮಾಡುತ್ತಿದ್ದಳು. ನಮ್ಮವ್ವ ಹಿಟ್ಟಿನ ಗಿರಣಿಯವರ ಮಗಳು, ಮದುವೆಯಾಗಿ ಬರುವವರೆಗೆ ಕುದುರೆಯನ್ನು ಮುಟ್ಟಿದವಳಲ್ಲ. ಅವಳು ಈ ಕಾನೂನನ್ನು ದಿನವೂ ಮುರಿಯುತ್ತಿದ್ದಳು. ಕೊಬ್ಬಿಗೆ ಅಲ್ಲ, ಗುಲಾಬಿಯನ್ನು ಕಟ್ಟುತ್ತಿದ್ದ ಜಾಗದಲ್ಲಿ ಬೀದಿಯ ಗೇಟು ಅವಳ ಎಡಕ್ಕಿತ್ತು, ಅಡುಗೆಮನೆಯ ಬಾಗಿಲು ಬಲಕ್ಕಿತ್ತು. ಕೈಯಲ್ಲಿ ನೆನೆಸಿದ ಕಡಲೆಯ ಬುಟ್ಟಿ ಹಿಡಿದವಳು ಸುತ್ತು ಹಾಕಿಕೊಂಡು ಯಾಕೆ ಹೋದಾಳು?

“ಎಷ್ಟ ಸಲ ಹೇಳ್ಬೇಕ ನಿನಗ? ಎಡಕ್ಕಿಂದ ಹೋಗು. ಕುದುರಿ ಮನ್ಯಾಗ ಸಂಸಾರ ಮಾಡಿ ಇಷ್ಟೂ ತಿಳೀಲಿಲ್ಲೇನ?”

“ನನ್ನ ಕೂಡ ಏನೂ ತಕರಾರು ಇಲ್ರೀ ಅಕಿದು. ತಕರಾರು ಇರೋದು ನಿಮ್ದ.”

ಇದು ದಿನಕ್ಕೊಮ್ಮೆ ನಡೆಯುವ ಜಗಳ. ಎರಡನೆಯ ಜಗಳ ಸುಳಿಯದು. ಕುದುರೆ ಸಾಕುವವರು ಮೊದಲು ನೋಡುವುದು ಮೈಮೇಲಿನ ಕೂದಲಿನ ಸುಳಿಗಳನ್ನು. ಯಾವ ಸುಳಿ ಎಲ್ಲಿದ್ದರೆ ಮನೆ ಏಳುತ್ತದೆ, ಎಲ್ಲಿದ್ದರೆ ಬೀಳುತ್ತದೆ ಎನ್ನುವುದೆಲ್ಲ ಆಯಿಗೆ ಬಾಯಿಪಾಠ. ಗುಲಾಬಿಯ ಎಡಗಣ್ಣಿನ ಕೆಳಗೆ, ಕಣ್ಣೀರು ಇಳಿಯುವ ಜಾಗದಲ್ಲೇ, ಒಂದು ಸುಳಿ ಇತ್ತು. ಅದಕ್ಕೆ ಕಣ್ಣೀರ ಸುಳಿ ಎನ್ನುತ್ತಾರೆ. ಅಂಥ ಕುದುರೆ ಕಟ್ಟಿದ ಮನೆಯಲ್ಲಿ ಅಳು ತಪ್ಪುವುದಿಲ್ಲ ಎಂದು ನಂಬಿಕೆ. ಅಪ್ಪ ಅವಳ ಬಿಳುಪಿಗೆ ಮರುಳಾಗಿ ಆಯಿಯ ಮಾತು ಮೀರಿ ತಂದಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿದರೂ, ನಾನು ಗಣಿತದಲ್ಲಿ ಫೇಲಾದರೂ ಅದಕ್ಕೆ ಸುಳಿಯೇ ಕಾರಣ. ಸುಳಿಯಿಂದ ಆದ ಉಪಕಾರವೆಂದರೆ ನನ್ನ ಬೆನ್ನು ಉಳಿಯುತ್ತಿತ್ತು. ಮದುವೆ ಮನೆಯವರ ಕಣ್ಣಿಗೆ ಅದು ಬೀಳಬಾರದೆಂದು ಅವ್ವ ಕನ್ನಡಿ ಚೂರು ಹೊಲಿದ ಒಂದು ಮುಖವಾಡ ಮಾಡಿದ್ದಳು. ಎಡ ಕೆನ್ನೆಯ ಮೇಲೆ ಮುತ್ತಿನ ಗೊಂಡೆ ತೂಗುವಂಥದ್ದು.

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ ಗುಲಾಬಿಗೆ ತಲೆ ಕೆಟ್ಟಿತು. ಹಾಗೆಂದೇ ನಾವೆಲ್ಲ ಅಂದುಕೊಂಡದ್ದು. ಮೊದಮೊದಲು ಗೇಟಿನ ಕಂಬಕ್ಕೆ ಮೈ ಉಜ್ಜಿಕೊಂಡು ಬರುತ್ತಿದ್ದಳು. ಆಮೇಲೆ ವರ ಹತ್ತುವಾಗ ಸುಮ್ಮನೆ ನಿಲ್ಲದೆ ಗಿರಕಿ ಹೊಡೆಯತೊಡಗಿದಳು; ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ವರನನ್ನೇ ದಿಟ್ಟಿಸಿ ನೋಡುವಳು. ಆಯಿ, ನೋಡ್ರಿ ಹೆಂಗ ಕೆಟ್ಟ ದೃಷ್ಟಿ ಹಾಕ್ತಾಳ, ಎನ್ನುತ್ತಿದ್ದಳು. ಅಪ್ಪ ಗೇಟಿನಿಂದ ಒಳಗೆ ಬಂದು ಕತ್ತು ಸವರಿದರೆ ಸಿಡಿದು ಹಿಂದಕ್ಕೆ ಹಾರುವಳು, ಒಮ್ಮೆ ತೋಳಿಗೆ ಬಾಯಿ ಹಾಕಿದಳು. ಅವ್ವನ ಮುಂದೆ ಮಾತ್ರ ಮಗುವಿನಂತೆ ತಲೆ ತಗ್ಗಿಸಿ ನಿಲ್ಲುವಳು. ಇದರಿಂದ ಅಪ್ಪನಿಗೆ ಕಚ್ಚಿದ್ದಕ್ಕಿಂತ ಹೆಚ್ಚು ನೋವಾಯಿತು. ತಾನು ಕಾನೂನಿನಲ್ಲಿ ಸಡಿಲ ಬಿಟ್ಟದ್ದೇ ತಪ್ಪು ಎಂದುಕೊಂಡು ಇನ್ನೂ ಬಿಗಿ ಮಾಡಿದ. ಎಡಗಡೆಯಿಂದಲೇ ಹೋಗು, ಎಡಗಡೆಯೇ ನಿಲ್ಲು, ಅವಳು ಎಷ್ಟು ಹೆದರಿದರೆ ಅಷ್ಟು ಎಡಕ್ಕೆ. ಎಡಗಣ್ಣಿನಿಂದ ನೀರು ಸುರಿಯತೊಡಗಿತ್ತು. ಅದನ್ನೂ ಕಂಡಿದ್ದೆವು, ಕಂಡಿಲ್ಲವೆಂದರೆ ಸುಳ್ಳಾಗುತ್ತದೆ. ಆಯಿ ಬೆರಳು ತೋರಿಸಿ ಹೇಳುತ್ತಿದ್ದಳು:

“ನೋಡು, ನಾ ಹೇಳಿದ್ದು ಖರೇ ಆತಿಲ್ಲ? ಸುಳಿ ನೀರು ಸುರಸಾಕತ್ತೈತಿ. ಇದು ಯಾರನ್ನ ನುಂಗಿ ಸುಮ್ನಾಗ್ತದೋ!”

ನಾವು ದಿನವೂ ಆ ಸುಳಿಯನ್ನೇ ನೋಡಿದೆವು. ಒರೆಸುವಾಗ ಸುಳಿಯನ್ನೇ ಒರೆಸಿದೆವು, ಅರಿಶಿನ ಹಚ್ಚುವಾಗ ಸುಳಿಗೇ ಹಚ್ಚಿದೆವು. ಅದರಿಂದ ಒಂದು ಬೆರಳಿನಷ್ಟು ಮೇಲೆ ಕಣ್ಣಿತ್ತು.

ಆ ಮಳೆಗಾಲ ಕಳೆದ ಮೇಲಿನ ಮೊದಲ ಮುಹೂರ್ತದಲ್ಲಿ ನನ್ನ ಗೆಳತಿ ಸ್ವಪ್ನಾಳ ಅಣ್ಣನ ಮದುವೆ. ಕೂಕಟ್‌ಪಲ್ಲಿಯ ಒಂದು ಫಂಕ್ಷನ್ ಹಾಲು. ನನ್ನನ್ನು ಕರೆದಿದ್ದಳು. ಟ್ರಾವೆಲ್ಸ್‌ನವರ ಮಗಳನ್ನು ಕರೆಯಬಾರದೇ? ಅವ್ವ ತನ್ನ ರೇಷ್ಮೆ ಸೀರೆ ಕತ್ತರಿಸಿ ಲಂಗ ಹೊಲಿದಳು. ಆ ಸಂಜೆ ಅಪ್ಪನ ಬರಾತ್ ಎಲ್ಲಿ ಎಂದು ನಾನು ಕೇಳಲಿಲ್ಲ, ನಾನು ಹೊರಟ ಮದುವೆ ಯಾರದೆಂದು ಅಪ್ಪನೂ ಕೇಳಿರಲಿಲ್ಲ. ಹಾಲಿನ ಗೇಟಿನ ಹತ್ತಿರ ಹುಡುಗಿಯರೆಲ್ಲ ರಸ್ನಾ ಕುಡಿಯುತ್ತ ನಿಂತಿದ್ದೆವು. ಬ್ಯಾಂಡಿನ ಸದ್ದು ತಿರುವಿನಲ್ಲಿ ಕೇಳಿಸಿತು, ಟ್ಯೂಬ್‌ಲೈಟಿನ ಸಾಲು ಬಂತು, ಅದರ ನಡುವೆ ಕನ್ನಡಿ ಚೂರುಗಳ ಮುಖವಾಡ ತೊಟ್ಟು ಗುಲಾಬಿ ಬಂದಳು. ಅವಳ ಎಡಕ್ಕೆ ಕೆಂಪು ಕೋಟಿನ ಅಪ್ಪ. ಅಪ್ಪ ನನ್ನನ್ನು ನೋಡಿದ. ನನ್ನ ಲಂಗ ನೋಡಿದ, ಪಕ್ಕದ ಗೆಳತಿಯರನ್ನು ನೋಡಿದ, ಎಲ್ಲವನ್ನೂ ಅರ್ಥ ಮಾಡಿಕೊಂಡ. ಮರುಕ್ಷಣ, ಯಾವುದೋ ಮದುವೆಗೆ ಬಂದ ಯಾವುದೋ ಹುಡುಗಿಯನ್ನು ನೋಡಿದಂತೆ ಕಣ್ಣನ್ನು ನನ್ನ ಮೇಲಿಂದ ಸರಿಸಿ ಮುಂದಕ್ಕೆ ನಡೆದ. ಎಷ್ಟು ಸಲೀಸಾಗಿ ಮಾಡಿದನೆಂದರೆ, ಇದನ್ನು ಅವನು ಮೊದಲೂ ಮಾಡಿರಬೇಕು, ಶಾಲೆಯ ಹತ್ತಿರ, ಬಸ್‌ಸ್ಟಾಪಿನಲ್ಲಿ, ನನಗೇ ಗೊತ್ತಾಗದಂತೆ. ಆ ವಿಚಾರ ಬಂದು ನಾಚಿಕೆಯಿಂದ ನನ್ನ ಕಿವಿ ಸುಟ್ಟಿತು. ಇವತ್ತು ಬರೆಯುವಾಗಲೂ ಸುಡುತ್ತಿದೆ.

ವೀಡಿಯೋದವನೊಬ್ಬ ಒಳ್ಳೆಯ ಶಾಟು ಬೇಕೆಂದು ಎಡಗಡೆಯಿಂದ ಓಡಿ ಬಂದು ಬಿಳಿ ಛತ್ರಿಯ ಲೈಟನ್ನು ಫಟ್ ಎಂದು ಬಿಚ್ಚಿದ. ಗುಲಾಬಿ ಬಲಕ್ಕೆ ಜಿಗಿದಳು. ಕುದುರೆಯ ಮೇಲಿದ್ದ ಸಾಫ್ಟ್‌ವೇರ್ ವರ ಎಡಕ್ಕೆ ಉರುಳಿ, ಡ್ರಮ್ಮಿನವನ ಮೇಲೆ ಬಿದ್ದ. ಪುಣ್ಯಕ್ಕೆ ಏನೂ ಮುರಿಯಲಿಲ್ಲ. ಪೇಟ ಚರಂಡಿಗೆ ಹೋಯಿತು, ಶೇರ್ವಾನಿ ಹರಿಯಿತು. ಹೆಂಗಸರು ಅಪಶಕುನ ಎಂದು ಬಾಯಿಗೆ ಕೈ ಹಚ್ಚಿದರು. ವರನ ಚಿಕ್ಕಪ್ಪ ಬಂದವನೇ ಅಪ್ಪನ ಕೆನ್ನೆಗೆ ಬಾರಿಸಿದ.

“ಗುರ್ರಾನ್ನಿ ಪಟ್ಟುಕೋವಡಂ ಕೂಡಾ ರಾದಾ ನೀಕು?”

ಕುದುರೆ ಹಿಡಿಯಲಿಕ್ಕೂ ಬರುವುದಿಲ್ಲವೇ ನಿನಗೆ ಎಂದು. ಮೂರು ತಲೆಮಾರಿನಿಂದ ಅದೊಂದೇ ಬರುತ್ತಿದ್ದ ಮನೆಯವನಿಗೆ ಕೇಳಿದ ಪ್ರಶ್ನೆ ಅದು. ಅಪ್ಪ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಗಲ್ತೀ ಹೋ ಗಯಾ ಸಾಬ್ ಎಂದು ಬಾಗಿದ, ಚರಂಡಿಯಿಂದ ಪೇಟ ಎತ್ತಿ ತನ್ನ ಕೋಟಿನಿಂದ ಒರೆಸಿ ಕೊಟ್ಟ. ಸ್ವಪ್ನಾ ನನ್ನ ಕೈ ಹಿಡಿದು, ಹೆದರಬೇಡ ಬಾ, ಆ ಕುದುರೆಯವನನ್ನು ಕಳಿಸಿಬಿಡುತ್ತಾರೆ ಎಂದಳು. ಅಪ್ಪ ಗುಲಾಬಿಯನ್ನು ಹಿಡಿದುಕೊಂಡು ನನ್ನ ಮುಂದೆಯೇ ಹಾದು ಹೋದ. ಆಗಲೂ ನನ್ನನ್ನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಚಹಾ ಮುಟ್ಟಲಿಲ್ಲ, ಜೇಬಿಗೆ ಬೆಲ್ಲ ಹಾಕಿಕೊಳ್ಳಲಿಲ್ಲ. ಚರ್ಮದ ಲಗಾಮನ್ನು ಎರಡು ಮಡಿಕೆ ಮಾಡಿ ಹಿಡಿದು ಗುಲಾಬಿಯ ಎಡಕ್ಕೆ ನಿಂತ. ನಮ್ಮಪ್ಪ ಕುದುರೆಗೆ ಕೈ ಎತ್ತಿದ್ದನ್ನು ಅದಕ್ಕೆ ಮೊದಲು ನಾವ್ಯಾರೂ ನೋಡಿರಲಿಲ್ಲ. ಪಾಳಿ ಮುಗಿಸಿ ಬರುತ್ತಿದ್ದ ಕಾರ್ಖಾನೆಯ ಜನ ಗೇಟಿನಲ್ಲಿ ನಿಂತು ನೋಡಿದರು. ಏಟು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಗುಲಾಬಿ ಹಗ್ಗದ ಸುತ್ತ ತಿರುಗಿದಳು, ಗೋಡೆಗೆ ಹಾಯ್ದಳು, ಮತ್ತೆ ತಿರುಗಿದಳು. ಅಪ್ಪನೂ ತಿರುಗಿ ತಿರುಗಿ ಎಡಕ್ಕೇ ಬಂದು ನಿಲ್ಲುತ್ತಿದ್ದ. ಕೋಪದಲ್ಲೂ ಕಾನೂನು ಬಿಡಲಿಲ್ಲ ಮಹಾರಾಯ. ಕೊನೆಗೆ ಆಯಿಯೇ ಹೊರಸಿನಿಂದ ಕೂಗಿಕೊಂಡಳು:

“ಸಾಕು ಬಿಡೋ, ಮೂಕಪ್ರಾಣಿ ಅದು! ಕಟುಕ ಆಗಬ್ಯಾಡ. ಮಾರಿಬಿಡು, ಮಾರಿ ಕೈ ತೊಳ್ಕೋ.”

ಹಾಗೆಂದೇ ತೀರ್ಮಾನವಾಯಿತು. ಬಿಜಾಪುರದ ಕಡೆಯ ದಲಾಲಿಗೆ ಫೋನು ಹೋಯಿತು. ಕೆಟ್ಟ ಹೆಸರಿನ ಕುದುರೆಯನ್ನು ಬರಾತ್‌ನವರು ಯಾರೂ ಕೊಳ್ಳುವುದಿಲ್ಲ. ಇಟ್ಟಿಗೆ ಭಟ್ಟಿಯ ಗಾಡಿಗೆ ಹೋಗುತ್ತಾಳೆ, ಒಂದು ವರ್ಷ ಬದುಕಿದರೆ ಹೆಚ್ಚು. ಇದು ಅಪ್ಪನಿಗೆ ಗೊತ್ತಿತ್ತು, ಆಯಿಗೆ ಗೊತ್ತಿತ್ತು, ಅವ್ವನಿಗೂ. ದಸರೆ ಹತ್ತಿರ ಬಂದಿತ್ತಾದ್ದರಿಂದ ಪೂಜೆ ಮುಗಿಸಿ ಕಳಿಸುವುದು ಎಂದು ಆಯಿ ಹೇಳಿದಳು. ಪೂಜೆ ತಪ್ಪಿಸಿ ಕಳಿಸಿದರೆ ಇನ್ನೂ ಕೇಡಂತೆ. ಅವ್ವ ಬಿಕ್ಕುತ್ತ ಹೋಳಿಗೆಗೆ ಬೇಳೆ ಬೇಯಿಸಿದಳು.

ಆಯುಧ ಪೂಜೆಯ ದಿನ ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ಕುಂಬಳಕಾಯಿ ಒಡೆಯುತ್ತಿದ್ದರೆ, ನಮ್ಮಲ್ಲಿ ಗುಲಾಬಿಗೆ ಮೈ ತೊಳೆದು, ಗೊರಸಿಗೆ ಎಣ್ಣೆ ಹಚ್ಚಿ, ಕೊರಳಿಗೆ ಚೆಂಡುಹೂವಿನ ಮಾಲೆ. ಪ್ರತಿ ವರ್ಷ ಮುಖವಾಡ ಹಾಕಿಯೇ ಪೂಜೆ. ಈ ಸಲ ಆಯಿ ಅದನ್ನು ತೆಗೆಸಿದಳು. ಸುಳಿಗೇ ನೇರವಾಗಿ ಆರತಿ ಬೆಳಗಿ, ನಿನ್ನ ಅಳು ನೀನೇ ಒಯ್ಯಿ ಎಂದು ಹೇಳಿ ಕಳಿಸಬೇಕೆಂದು ಅವಳ ಲೆಕ್ಕ. ಅವ್ವ ರೂಢಿಯಂತೆ ಅಡುಗೆಮನೆಯಿಂದ ಆರತಿ ಹಾಡುತ್ತ ತಟ್ಟೆ ಹಿಡಿದು ಬಲಕ್ಕೆ ಬಂದು ನಿಂತಳು. ದೀಪ ಎತ್ತಿದಾಗ ಗುಲಾಬಿ ರೆಪ್ಪೆ ಬಡಿದು ತಲೆ ಹಿಂದಕ್ಕೆ ಎಳೆದುಕೊಂಡಳು. ಆಯಿ ಗದರಿದಳು:

“ಇವತ್ತರೆ ಎಡಕ ಬಾ. ಸುಳಿ ಇರೋದು ಆ ಕಡೆ.”

ಅವ್ವ ಹಾಡು ನಿಲ್ಲಿಸದೆ ಎಡಕ್ಕೆ ಬಂದಳು. ಹಾಡು ಕೇಳುತ್ತಿದ್ದುದರಿಂದ ಗುಲಾಬಿ ಬೆಚ್ಚಲಿಲ್ಲ. ಅವ್ವನ ಕಣ್ಣು ತುಂಬಿ ಮಂಜಾಗಿತ್ತು. ಜ್ಯೋತಿ ಸುತ್ತು ಬರುತ್ತ ಬರುತ್ತ ಕೆನ್ನೆಗೆ ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಛತ್ರಿ ಬಿಚ್ಚಿದ ಸದ್ದಿಗೆ ವರನನ್ನು ಕೆಡವಿದ ಕುದುರೆ, ಕಣ್ಣ ಮುಂದೆ ಬೆಂಕಿ ಬಂದರೂ ಕಲ್ಲಿನಂತೆ ನಿಂತಿತ್ತು. ಮೊದಲು ನಮಗೆ ಬಂದದ್ದು ವಾಸನೆ, ಕೂದಲು ಸುಟ್ಟ ವಾಸನೆ. ರೆಪ್ಪೆಯ ಕೂದಲು ಸುರುಟಿಕೊಂಡ ಮೇಲೆ, ಬಿಸಿ ತಾಗಿ ಗುಲಾಬಿ ತಲೆ ಕೊಡವಿದಳು. ಅವ್ವನ ಹಾಡು ನಿಂತಿತು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಬೆರಳುಗಳನ್ನು ಬಲಗಣ್ಣಿನ ಮುಂದೆ ಆಡಿಸಿದಳು. ರೆಪ್ಪೆ ಬಡಿಯಿತು. ಎಡಕ್ಕೆ ಬಂದು ಆಡಿಸಿದಳು. ಮತ್ತೆ ಆಡಿಸಿದಳು.

“ರೀ,” ಎಂದಳು ಅಪ್ಪನಿಗೆ, “ಇಕಿಗೆ ಈ ಕಣ್ಣು ಕಾಣಂಗಿಲ್ರೀ.”

“ಏನರೆ ಮಾತಾಡಬ್ಯಾಡ.”

“ನಿಮ್ಮ ಕೈಯಿಂದ ನೋಡ್ರಿ. ಒಮ್ಮೆ ನೋಡ್ರಿ. ಸುಳಿ ಅಲ್ಲ, ಕಣ್ಣು ನೋಡ್ರಿ!”

ಅಪ್ಪ ಬಂದು ನೋಡಿದ. ತೊಳೆದ ಮುಖ, ಬೆಳಗಿನ ಬಿಸಿಲು, ಮುಖವಾಡವಿಲ್ಲ. ಕಣ್ಣಿನ ಗೊಂಬೆಯ ಮೇಲೆ ತಣ್ಣಗಾದ ಹಾಲಿನ ಕೆನೆಯಂಥ ನೀಲಿ ಪೊರೆ. ಅವನು ಕೈಯನ್ನು ಕಣ್ಣಿನವರೆಗೂ ಒಯ್ದ. ಗುಲಾಬಿ ಅಲುಗಲಿಲ್ಲ. ಬೆರಳಿನ ತುದಿ ರೆಪ್ಪೆಗೆ ತಾಗಿದಾಗ ಮಾತ್ರ ಸಿಡಿದು ಹಿಂದೆ ಸರಿದಳು, ವರ್ಷವಿಡೀ ಸರಿದಂತೆಯೇ. ಗಿರಕಿ ಹೊಡೆದದ್ದು, ಕತ್ತು ತಿರುಗಿಸಿ ನೋಡಿದ್ದು, ಕಂಬಕ್ಕೆ ಮೈ ಉಜ್ಜಿದ್ದು, ಅಪ್ಪನ ತೋಳಿಗೆ ಬಾಯಿ ಹಾಕಿದ್ದು, ಒಂದೊಂದೂ ನಮ್ಮ ನಮ್ಮ ತಲೆಯಲ್ಲಿ ಬೇರೆ ಅರ್ಥ ಪಡೆದು ಬಂದು ನಿಂತವು. ಆಯಿ ಸೆರಗು ಬಾಯಿಗೆ ತುರುಕಿಕೊಂಡಳು. ಜನ್ಮವಿಡೀ ಕುದುರೆಯ ಮೈ ಓದಿದವಳು, ಆ ದಿನ ನನಗೆ ತೀರಾ ಮುದುಕಿಯಾಗಿ ಕಂಡಳು. ಸರಕಾರಿ ದವಾಖಾನೆಯ ಡಾಕ್ಟರು ಬ್ಯಾಟರಿ ಹಾಕಿ ನೋಡಿ, ಕಣ್ಣೊಳಗಿನ ಉರಿ ಬಹಳ ದಿನದ್ದು, ಎಡಗಣ್ಣು ಹೋಗಿದೆ, ಬಲದ್ದು ಚೆನ್ನಾಗಿದೆ ಎಂದರು. ನೀರು ಸುರಿಯಲು ಶುರುವಾದಾಗಲೇ ಯಾಕೆ ತರಲಿಲ್ಲ ಎಂದು ಕೇಳಿದರು. ಅಪ್ಪ ಏನು ಹೇಳಬೇಕಿತ್ತು? ಸುಳಿ ಅಂದುಕೊಂಡಿದ್ದೆವು ಎಂದೇ?

ದಲಾಲಿ ಬಂದದ್ದು ಹಬ್ಬದ ಮರುವಾರ. ಅವನನ್ನು ಬೇಡವೆನ್ನಲು ಅಪ್ಪನಿಗೆ ಬಾಯಿ ಬಂದಿರಲಿಲ್ಲ. ಒಕ್ಕಣ್ಣಿನ ಕುದುರೆಯನ್ನು ಇಟ್ಟುಕೊಂಡು ಏನು ಮಾಡುವುದೆಂದೂ ತಿಳಿದಿರಲಿಲ್ಲ. ಗುಲಾಬಿಯ ಕೊರಳು, ಎದೆ, ಪಕ್ಕೆ ಎಲ್ಲ ಕಡೆ ಸುಳಿ ಹುಡುಕಿ, ಕಡೆಗೆ ಕಣ್ಣೀರ ಸುಳಿಯ ಮೇಲೆ ಹೆಬ್ಬೆರಳು ಇಟ್ಟು ಲೊಚಗುಟ್ಟಿದ ದಲಾಲಿ, ಅದರ ಮೇಲಿದ್ದ ಕಣ್ಣನ್ನು ನೋಡಲಿಲ್ಲ. ಅವನೂ ನಮ್ಮಂಥವನೇ. ನಾವು ಮೂವರೂ ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು.

“ಸುಳಿದು ನಾ ಹೆಂಗರೆ ಸಂಭಾಳಸ್ತೀನಿ ಬಿಡ್ರಿ. ಬ್ಯಾರೆ ಏನೂ ಐಬು ಇಲ್ಲಲ್ಲ?”

ಇಲ್ಲ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅಪ್ಪ ನೆಲ ನೋಡುತ್ತ ನಿಂತ. ದಲಾಲಿ ಇನ್ನೊಮ್ಮೆ ಕೇಳಿದ.

“ಐತಿ,” ಎಂದ ಅಪ್ಪ. “ಐಬು ನಂದೈತಿ. ಅಕಿಗೆ ಕಣ್ಣು ಹೋಗಿತ್ತು, ನಾ ಹೊಡದೆ. ನಾ ಕೊಡಂಗಿಲ್ಲ. ನೀವು ಊಟ ಮಾಡಿ ಹೋಗ್ರಿ.”

ದಲಾಲಿ ಊಟ ಮಾಡದೆ ಬೈಯುತ್ತ ಹೋದ. ಗೇಟು ಹಾಕಿಕೊಂಡು ಅಪ್ಪ ನೇರ ಗುಲಾಬಿಯ ಕಡೆಗೆ ನಡೆದ. ನಡೆದದ್ದು ರೂಢಿಯಂತೆ ಎಡಕ್ಕೇ. ಸಣ್ಣಂದಿನಿಂದ ಮೈಗೂಡಿದ ದಾರಿ ಒಂದು ವಾರದಲ್ಲಿ ಬಿಡುತ್ತದೆಯೇ? ಅವಳ ಎಡ ಪಕ್ಕೆಯಲ್ಲಿ ಬಾಸುಂಡೆಗಳು ಇನ್ನೂ ಆರಿರಲಿಲ್ಲ. ಅವುಗಳ ಮುಂದೆ ನಿಂತು ಅಪ್ಪ ಎರಡೂ ಕೈ ಮೇಲೆತ್ತಿ ಮುಗಿದ. ಕೈ ಎತ್ತಿದ ಗಾಳಿ ತಾಗಿತೋ ಏನೋ, ಗುಲಾಬಿ ಇನ್ನೊಂದು ಏಟು ಬಂತೆಂದು ಮೈಯೆಲ್ಲ ಮುದುಡಿ ಗೋಡೆಗೆ ಒತ್ತಿಕೊಂಡಳು. ಅಪ್ಪ ಮುಗಿದ ಕೈ ಹಾಗೇ ಹಿಡಿದು ನಿಂತುಬಿಟ್ಟ.

“ಈ ಕಡೆ ಬರ್ರಿ,” ಎಂದಳು ಅವ್ವ ಬಾಗಿಲಿನಿಂದ, ಮೆಲ್ಲಗೆ. “ಮಾತಾಡ್ಕೋತ ಬರ್ರಿ.”

ಆಯಿ ಏನೂ ಅನ್ನಲಿಲ್ಲ. ಅಪ್ಪ ಗುಲಾಬಿಯ ಮುಂದೆ ದೂರದಿಂದ ಸುತ್ತಿಕೊಂಡು, ನಾ ಬಂದೀನಿ, ನಾನ ಬಂದೀನಿ, ಎನ್ನುತ್ತ ಬಲಗಡೆಗೆ ಬಂದ. ಗುಲಾಬಿಯ ಕಿವಿಗಳು ಎದ್ದು ನಿಂತವು. ಬಹಳ ದಿನದ ಮೇಲೆ ಅಪ್ಪ ಕಂಡಂತಾಯಿತು ಅವಳಿಗೆ. ಕತ್ತು ಮುಂದೆ ಚಾಚಿ, ಆ ನಸುಗೆಂಪು ಮೂತಿಯನ್ನು ಅಪ್ಪನ ಎದೆಗೆ ತಂದು, ಅಂಗಿಯ ಜೇಬನ್ನು ಮೂಸಿದಳು, ತುಟಿಯಿಂದ ಹುಡುಕಿದಳು, ಸಿಗದೆ ಮತ್ತೆ ಹುಡುಕಿದಳು. ಜೇಬಿನಲ್ಲಿ ಬೆಲ್ಲ ಇರಲಿಲ್ಲ. ಅಪ್ಪ ನನ್ನ ಕಡೆ ತಿರುಗಿ, ಬೆಲ್ಲ ತಾ ಎನ್ನಲು ಬಾಯಿ ತೆರೆದ. ಮಾತಿನ ಬದಲು ಅಳು ಬಂತು. ನಾನು ಬೆಲ್ಲ ತರಲು ಒಳಗೆ ಓಡಿದೆ.